ಕಳ್ಳ ಉಸಿರು

“ಅಮ್ಮ, ಇನ್ನೊಂದೇ ಸಲ.”

ಗಾಜಿನ ಆಚೆಯಿಂದ ಸಂಗೀತ ನಿರ್ದೇಶಕ ಹೀಗೆ ಹೇಳಿದ್ದು ಏಳನೆಯ ಸಲ. ಗಡ್ಡ ಬಿಟ್ಟ, ಮೆತ್ತಗೆ ಮಾತಾಡುವ, ಅವಳ ಮಗನಾಗಬಹುದಾದ ವಯಸ್ಸಿನ ಮನುಷ್ಯ. ಒಂದು ಸಲವೂ ಸಿಡುಕಿರಲಿಲ್ಲ. ಅವಳಿಗೆ ಅದೇ ಕಷ್ಟವಾಗಿತ್ತು. ಬೈದಿದ್ದರೆ ಏನು ತಪ್ಪಾಗಿದೆ ಎಂದಾದರೂ ತಿಳಿಯುತ್ತಿತ್ತು. ಅವಳು ಹೆಡ್‌ಫೋನು ಸರಿಮಾಡಿಕೊಂಡು ಸ್ಟ್ಯಾಂಡಿನ ಮೇಲಿದ್ದ ಹಾಳೆಯನ್ನು ನೋಡಿದಳು. ನೋಡುವ ಅಗತ್ಯವೇನೂ ಇರಲಿಲ್ಲ. ಎಂಟು ಸಾಲಿನ ಹಾಡು, ಮೂರು ಸಲ ಬರುವ ಪಲ್ಲವಿ. ಹದಿನೈದು ದಿನದಿಂದ ಬಚ್ಚಲುಮನೆಯಲ್ಲೂ ಅದೇ ನಡೆದಿತ್ತು.

ಬಾಗಿಲು ತೆರೆದೇ ಇದೆ, ಬಂದುಬಿಡು ಮಗುವೇ.

ಹಾಡಿದಳು. ಶ್ರುತಿ ಕೂದಲೆಳೆಯಷ್ಟೂ ಸರಿಯಲಿಲ್ಲ. ಅಕ್ಷರಗಳು ತೊಳೆದಿಟ್ಟ ಲೋಟಗಳ ಹಾಗೆ ಒಂದೊಂದಾಗಿ ಹೊರಬಂದವು.

“ತಪ್ಪು ಅಂತ ಏನೂ ಇಲ್ಲಮ್ಮ,” ಎಂದ ಅವನು. “ಆದ್ರೆ ನೀವು ಯಾರಿಗೋ ಜಾಗ ಬಿಟ್ಕೊಂಡು ಹಾಡ್ತಿದ್ದೀರಿ. ಬಸ್ಸಲ್ಲಿ ಪಕ್ಕದ ಸೀಟಿಗೆ ಕರ್ಚೀಫ್ ಹಾಕಿ ಕೂತ ಹಾಗೆ. ನೀವು ನಿಮ್ಮ ಥರ ಹಾಡಿ.”

ಅವಳಿಗೆ ನಗು ಬಂತು. ನನ್ನ ಥರ ಎಂದರೆ ಯಾವ ಥರ ಎಂದು ಕೇಳಬೇಕೆನಿಸಿತು. ಐವತ್ತಮೂರು ವರ್ಷದ ಹೆಂಗಸು ಆ ಪ್ರಶ್ನೆಯನ್ನು ಗಡ್ಡದ ಹುಡುಗನ ಹತ್ತಿರ ಕೇಳುವುದು ಸರಿಯಲ್ಲವೆಂದು ನೀರು ಕುಡಿದಳು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇಂಥದ್ದೇ ಒಂದು ಕೋಣೆಗೆ ಅವಳು ಗಾಯಕಿಯಾಗಲು ಬಂದಿದ್ದಳು. ಸಿಕ್ಕಿದ್ದು ಟ್ರ್ಯಾಕ್ ಹಾಡುವ ಕೆಲಸ. ದೊಡ್ಡ ಗಾಯಕಿಯರಿಗೆ ಹಾಡು ಕಲಿಯಲು ಪುರುಸೊತ್ತು ಇರುವುದಿಲ್ಲ. ಅವರು ಬರುವ ಮೊದಲೇ ಯಾರಾದರೂ ಅದನ್ನು ಹಾಡಿ ಇಟ್ಟಿರಬೇಕು. ಅವರು ಅದನ್ನು ಕಾರಿನಲ್ಲಿ ಕೇಳಿಕೊಂಡು ಬಂದು, ತಮ್ಮ ದನಿಯಲ್ಲಿ ಹಾಡಿ ಹೋಗುತ್ತಾರೆ. ಆಮೇಲೆ ಮೊದಲಿನ ದನಿಯನ್ನು ಅಳಿಸಿಬಿಡುತ್ತಾರೆ. ಮೊದಮೊದಲು ಅವಳು ಉತ್ಸಾಹದಿಂದ ಅಲ್ಲೊಂದು ಗಮಕ, ಇಲ್ಲೊಂದು ಬಳುಕು ಸೇರಿಸುತ್ತಿದ್ದಳು. “ಈ ಹುಡುಗಿ ಹೀಗೆಲ್ಲ ಹಾಡಿದ್ರೆ ನಾನು ಅವಳನ್ನ ನೋಡಿ ಕಾಪಿ ಹೊಡೀಬೇಕಾಗುತ್ತೆ,” ಎಂದು ಒಬ್ಬ ಹೆಸರಾಂತ ಗಾಯಕಿ ಮುಖ ಊದಿಸಿಕೊಂಡರು. ಅಂದಿನ ಸಂಗೀತ ನಿರ್ದೇಶಕರು ಅವಳನ್ನು ಕರೆದು ಹೇಳಿದರು: “ನೋಡಮ್ಮ, ನೀನು ಪಾತ್ರೆ ತೊಳೆದು ಕೊಡು, ಸಾಕು. ಅಡುಗೆ ಅವರು ಮಾಡ್ಕೋತಾರೆ.”

ಹನ್ನೊಂದು ವರ್ಷ ಅವಳು ಪಾತ್ರೆ ತೊಳೆದುಕೊಟ್ಟಳು. ಸಾಲಿನ ಕೊನೆಯಲ್ಲಿ ದನಿಯನ್ನು ಎಳೆಯದೆ ಬಿಡುವುದು, ಅಳುವ ಹಾಡಿನಲ್ಲಿ ಅಳದಿರುವುದು, ಇನ್ನೊಬ್ಬರು ಬಂದು ಕೂರುವ ಜಾಗವನ್ನು ಕೆಡಿಸದಿರುವುದು, ಎಲ್ಲ ಕಲಿತಳು. ಅಷ್ಟು ಚೆನ್ನಾಗಿ ಟ್ರ್ಯಾಕ್ ಹಾಡುವವರು ಇನ್ನೊಬ್ಬರಿಲ್ಲ ಎಂದು ಹೆಸರಾಯಿತು. ಆ ಹೆಸರೇ ಅವಳ ಕಾಲಿಗೆ ತೊಡರಿಕೊಂಡಿತು.

ನಟನೆ ಅವಳಾಗಿ ಹುಡುಕಿದ್ದಲ್ಲ. ಸ್ಟುಡಿಯೋದ ಮೇಲಿನ ಮಹಡಿಯಲ್ಲಿ ಒಂದು ಧಾರಾವಾಹಿಯ ಚಿತ್ರೀಕರಣ ನಡೆದಿತ್ತು. ಅಳುವ ನೆರೆಮನೆಯವಳ ಪಾತ್ರಕ್ಕೆ ಗೊತ್ತು ಮಾಡಿದ್ದಾಕೆ ಬಂದಿರಲಿಲ್ಲ. ಕಾರಿಡಾರಿನಲ್ಲಿ ನಿಂತಿದ್ದ ಇವಳನ್ನು ಎಳೆದುಕೊಂಡು ಹೋದರು. ಗ್ಲಿಸರಿನ್ ಹಾಕುವ ಮೊದಲೇ ಅಳು ಬಂತು. ನೆರೆಮನೆಯವಳಿಂದ ನಾದಿನಿ, ನಾದಿನಿಯಿಂದ ತಾಯಿ, ಕೊನೆಗೆ ಅತ್ತೆ. ತೆರೆಯ ಮೇಲೆ ಒಂಬತ್ತು ಮದುವೆಯಾಯಿತು. ಮನೆಯಲ್ಲಿ ಆ ಮಾತು ಬಂದಾಗಲೆಲ್ಲ ಮಾರನೆಯ ದಿನ ಶೂಟಿಂಗ್ ಇರುತ್ತಿತ್ತು. ಈಗಿನ ಧಾರಾವಾಹಿಯಲ್ಲಿ ಏಳು ವರ್ಷದಿಂದ ಸೊಸೆಯ ಜೀವ ಹಿಂಡುತ್ತಿದ್ದುದರಿಂದ ಊರಿಗೆಲ್ಲ ಅವಳು ‘ಅತ್ತೆಮ್ಮ’. ತರಕಾರಿ ಮಾರುವಾಕೆ ಚೀಲಕ್ಕೆ ಬದನೆಕಾಯಿ ಹಾಕುತ್ತ, “ಆ ಹುಡುಗೀಗೆ ಸ್ವಲ್ಪ ಊಟನಾದ್ರೂ ಹಾಕಿ, ಪಾಪ,” ಎಂದು ನಿಷ್ಠುರವಾಗಿಯೇ ಹೇಳುತ್ತಿದ್ದಳು.

ಆ ಧಾರಾವಾಹಿ ಮುಗಿಯುವುದರಲ್ಲಿತ್ತು. ಕೊನೆಯ ವಾರದಲ್ಲಿ ಅತ್ತೆಮ್ಮನ ಕಲ್ಲುಮನಸ್ಸು ಕರಗಿ, ಮನೆ ಬಿಟ್ಟು ಹೋದ ಮಗನನ್ನು ಕರೆದು ಹಾಡಬೇಕು. ಅವಳು ಏಳು ವರ್ಷದಲ್ಲಿ ಮೊದಲ ಸಲ ನಿರ್ದೇಶಕರ ಹತ್ತಿರ ಏನನ್ನಾದರೂ ಕೇಳಿದಳು. “ಆ ಹಾಡನ್ನ ನಾನೇ ಹಾಡ್ಲಾ ಸರ್?” ಅವರು ಫೋನಿನಿಂದ ತಲೆಯೆತ್ತದೆ, “ಅತ್ತೆಮ್ಮ ಕೇಳಿದ್ಮೇಲೆ ಇಲ್ಲ ಅನ್ನೋಕೆ ನನಗೇನು ಎರಡು ತಲೆನಾ?” ಎಂದಿದ್ದರು.

ಅದನ್ನು ಅವಳು ಅಂದೇ ಮನೆಗೆ ಹೋಗಿ ಅಕ್ಕನಿಗೆ ಹೇಳಿಬಿಟ್ಟಳು. ಅವಳು ಮಾಡಿದ ತಪ್ಪು ಅದೇ.

ಹಾಡುಗಾರಿಕೆ ನಿಜವಾಗಿ ಅಕ್ಕನದು. ಅಪ್ಪನಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಹಗಲೆಲ್ಲ ಇದ್ದೊಂದು ಕೋಣೆಯಲ್ಲಿ ಮಲಗಿರುತ್ತಿದ್ದರು. ಹತ್ತು ವರ್ಷದ ಅಕ್ಕ ಆರು ವರ್ಷದ ತಂಗಿಯನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ಬಾಗಿಲು ಮುಚ್ಚಿ, ಅಪ್ಪನಿಗೆ ಕೇಳದಷ್ಟು ಮೆಲ್ಲಗೆ ಪಾಠ ಹೇಳುತ್ತಿದ್ದಳು. ಮೆಲ್ಲಗೆ ಹಾಡಲು ಜೋರಾಗಿ ಹಾಡುವುದಕ್ಕಿಂತ ಹೆಚ್ಚು ಉಸಿರು ಬೇಕು. ತಂಗಿಗೆ ಅದು ಸಾಲುತ್ತಿರಲಿಲ್ಲ. ಮಾತು ಮುಗಿಯಲು ಒಂದೇ ಪದ ಇದೆ ಎನ್ನುವಾಗ, ನಿಲ್ಲಬಾರದ ಕಡೆ ನಿಂತು, ಪುಟ್ಟದೊಂದು ಉಸಿರು ಎಳೆದುಕೊಳ್ಳುತ್ತಿದ್ದಳು. ಆ ಕ್ಷಣವೇ ಅಕ್ಕ ತೊಡೆ ಚಿವುಟುತ್ತಿದ್ದಳು. “ಮತ್ತೆ ಕಳ್ಳ ಉಸಿರು,” ಎನ್ನುತ್ತಿದ್ದಳು. ಚಿವುಟಿಸಿಕೊಂಡರೂ ಅಳುವ ಹಾಗಿರಲಿಲ್ಲ, ಅಪ್ಪ ಏಳುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಆ ಉಸಿರು ಹೋಗಲೇ ಇಲ್ಲ.

ಇಪ್ಪತ್ತನಾಲ್ಕಕ್ಕೆ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು. ಗಡ್ಡೆಯ ಜೊತೆ ದನಿಯೂ ಹೋಯಿತು. ಉಳಿದದ್ದು ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲಿನ ಗೊರಗೊರ. ಭಾವ ತೀರಿಕೊಂಡ ಮೇಲೆ ತಂಗಿಯ ಮನೆಗೇ ಬಂದಳು. ಧಾರಾವಾಹಿಯನ್ನು ಅವಳು ಎಂದೂ ಕೂತು ನೋಡಿದವಳಲ್ಲ. ಅಡುಗೆಮನೆಯಲ್ಲಿ ನಿಂತೇ ಕೇಳುವಳು. “ಮುಖ ದಿನಾ ನೋಡ್ತೀನಲ್ಲ, ಅದರಲ್ಲೇನಿದೆ?” ಎನ್ನುವಳು. ಒಮ್ಮೆ ಮಾತ್ರ, ಪಾತ್ರೆ ಒರೆಸುತ್ತ ಅಂದಿದ್ದಳು: “ನನ್ನ ದನೀನ ಡಾಕ್ಟ್ರು ತೆಗೆದ್ರು ಕಣೆ. ನಿಂದು ನೀನೇ ಕೊಟ್ಬಿಟ್ಟೆ. ಅದೊಂದೇ ನಂಗೆ ಸಂಕಟ.”

ತಂಗಿ ಹಾಡುತ್ತಾಳೆ ಎಂದು ಕೇಳಿದ ದಿನ ಅಕ್ಕ ಒಲೆಯ ಮೇಲಿದ್ದ ಹಾಲು ಇಳಿಸಿದಳು, ಅಷ್ಟೆ. ಮಾರನೆಯ ದಿನ ನೋಡಿದರೆ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿತ್ತು. ಇಲ್ಲದ ದನಿಯಲ್ಲಿ ಅದು ಹೇಗೆ ಡಂಗುರ ಹೊಡೆದಳೋ.

“ಅಮ್ಮ, ಸ್ವಲ್ಪ ಹೊರಗೆ ಬರ್ತೀರಾ?”

ಒಂಬತ್ತನೆಯ ಸಲವೂ ಮುಗಿದಿತ್ತು. ಸಂಗೀತ ನಿರ್ದೇಶಕ ಅವಳಿಗೆ ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ. ಅಷ್ಟು ಉಪಚಾರ ಕಂಡಾಗಲೇ ಅವಳಿಗೆ ಗೊತ್ತಾಯಿತು.

“ಇದನ್ನ ಟ್ರ್ಯಾಕ್ ಆಗಿ ಇಟ್ಕೋತೀನಿ ಅಮ್ಮ. ಇಷ್ಟು ಒಳ್ಳೆ ಟ್ರ್ಯಾಕ್ ನಾನು ಕೇಳೇ ಇಲ್ಲ,” ಎಂದ. ಹೊಗಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. “ನಾಳಿದ್ದೇ ಶೂಟಿಂಗು. ಹುಡುಗಿ ಒಬ್ಬಳನ್ನ ಕರೆಸಿದ್ದೀನಿ. ಬೇಜಾರು ಮಾಡ್ಕೋಬೇಡಿ.”

“ಬೇಜಾರೇನಪ್ಪ. ಸೀರಿಯಲ್ ಚೆನ್ನಾಗಿ ಬರಬೇಕು, ಅಷ್ಟೆ,” ಎಂದಳು ಅವಳು. ಆ ಮಾತನ್ನು ಚೆನ್ನಾಗಿಯೇ ಆಡಿದಳು. ಅದಕ್ಕೇ ಅಲ್ಲವೆ ಅವಳಿಗೆ ಸಂಬಳ ಕೊಡುವುದು. ಅವನ ಮೇಲೆ ಸಿಟ್ಟು ಬಂದಿದ್ದರೆ ಹಗುರಾಗುತ್ತಿದ್ದಳು; ಅವನು ಹೇಳಿದ್ದು ಸರಿಯಾಗಿತ್ತು. ಕಾದು ಕಾದು ಸಿಕ್ಕಿದ ಹಾಡನ್ನೂ ಅವಳು ಇನ್ನೊಬ್ಬರಿಗಾಗಿಯೇ ಹಾಡಿಟ್ಟಿದ್ದಳು.

ಅವಳು ಚಹಾ ಮುಗಿಸುವ ಮೊದಲೇ ಹುಡುಗಿ ಬಂದಳು. ಇಪ್ಪತ್ತೈದಿರಬಹುದು. ಒದ್ದೆ ಕೂದಲು, ಹೆಗಲಿಗೆ ದೊಡ್ಡ ಚೀಲ. ಇವಳನ್ನು ಕಂಡದ್ದೇ ಬಾಗಿಲಲ್ಲೇ ನಿಂತುಬಿಟ್ಟಳು.

“ಅಯ್ಯೋ, ಅತ್ತೆಮ್ಮ. ನಮ್ಮಜ್ಜಿ ದಿನಾ ನಿಮಗೆ ಹಿಡಿಶಾಪ ಹಾಕ್ತಾರೆ.”

“ನನ್ನ ಅನ್ನ ಅದರಿಂದ್ಲೇ ನಡೀತಿರೋದು. ನಿಲ್ಲಿಸ್ಬೇಡಿ ಅಂತ ಹೇಳು.”

ಹುಡುಗಿ ಮೂಲೆಯಲ್ಲಿ ಕೂತು, ಹೆಡ್‌ಫೋನು ಹಾಕಿ, ಕಣ್ಣು ಮುಚ್ಚಿ ಟ್ರ್ಯಾಕ್ ಕೇಳಿದಳು. ಪೆನ್ಸಿಲಿನಿಂದ ಹಾಳೆಯ ಮೇಲೆ ಗುರುತು ಹಾಕಿಕೊಂಡಳು. ಒಂದು ಕಡೆ ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು. ಆಮೇಲೆ ಎದ್ದು ಬಂದಳು.

“ಅಮ್ಮ, ‘ಬಾಗಿಲು ತೆರೆದೇ’ ಆದ್ಮೇಲೆ ಒಂಚೂರು ನಿಲ್ಲಿಸಿದ್ದೀರಿ. ಚಿಕ್ಕದಾಗಿ ಉಸಿರು ತಗೊಂಡು ‘ಇದೆ’ ಅಂತೀರಿ. ಮೂರು ಸಲವೂ. ಅದನ್ನ ಹಾಗೇ ಇಟ್ಕೊಳ್ಳಲಾ?”

ಅವಳ ಮುಖ ಬಿಸಿಯಾಯಿತು. ಹನ್ನೊಂದು ವರ್ಷ ಎಲ್ಲ ತೊಳೆದು ತೆಗೆದರೂ ಪಾತ್ರೆಯ ತಳದಲ್ಲಿ ಅದೊಂದು ಅಂಟಿಕೊಂಡೇ ಇತ್ತು.

“ಅಲ್ಲಿ ಉಸಿರು ಬರೋ ಹಾಗಿಲ್ಲ,” ಎಂದ ಸಂಗೀತ ನಿರ್ದೇಶಕ, ಯಂತ್ರದಿಂದ ತಲೆಯೆತ್ತದೆ. “ಒಂದೇ ಸಲಕ್ಕೆ ಹಾಡ್ಬಿಡು.”

“ಇರ್ಲಿ,” ಎಂದಳು ಅವಳು. ದನಿ ಸ್ವಲ್ಪ ಜೋರಾಯಿತು. ಇಬ್ಬರೂ ಅವಳ ಕಡೆ ನೋಡಿದರು. ಹೇಳಲು ಏನಾದರೂ ಬೇಕಿತ್ತು. “ಅದು... ತಾಯಿ ಅಲ್ಲಿ ಬಾಗಿಲ ಕಡೆ ನೋಡ್ತಾಳೆ. ಮಗ ಬಂದ್ನೇನೋ ಅಂತ. ಅದಕ್ಕೇ ನಿಲ್ಲೋದು. ನಾನು ಆ್ಯಕ್ಟಿಂಗ್ ಮಾಡೋವಾಗ ತಿರುಗಿ ನೋಡ್ಬೇಕು ಅಂತಿದೀನಿ. ನಿಲ್ಲದಿದ್ರೆ ನಂಗೆ ಕಷ್ಟ.”

ಅಪ್ಪಟ ಸುಳ್ಳು, ನಿಂತ ನಿಲುವಿನಲ್ಲಿ ಹೊಳೆದದ್ದು. ಸಂಗೀತ ನಿರ್ದೇಶಕ ಗಡ್ಡ ಕೆರೆದುಕೊಂಡು, “ಹ್ಞೂಂ, ಅದೂ ಚೆನ್ನಾಗೇ ಇರುತ್ತೆ,” ಎಂದ. ಹುಡುಗಿ ಪೆನ್ಸಿಲಿನಿಂದ ಆ ಜಾಗದಲ್ಲಿ ಒಂದು ಗೀಟು ಎಳೆದಳು.

ಚಿತ್ರೀಕರಣದ ದಿನ ಸ್ಪೀಕರಿನಲ್ಲಿ ಹುಡುಗಿಯ ದನಿ ಬಂತು. ದೊಡ್ಡ ದನಿ, ತುಂಬಿದ ದನಿ. ಕೇಳಿ ಲೈಟಿನವರೂ ಕೆಲಸ ಬಿಟ್ಟು ನಿಂತರು. ಬರೀ ತುಟಿ ಆಡಿಸಿದರೆ ಕತ್ತಿನ ನರ ಗುಟ್ಟು ಬಿಟ್ಟುಕೊಡುತ್ತದೆ. ಅದಕ್ಕೆ ಅವಳು ನಿಜವಾಗಿಯೇ ಹಾಡಿದಳು. ಆ ಸದ್ದಿನ ಕೆಳಗೆ, ಯಾವ ಮೈಕೂ ಇಲ್ಲದ ಕಡೆ, ಎಳೆದು, ಬಳುಕಿಸಿ, ಅತ್ತು ಹಾಡಿದಳು. ಗಮಕಗಳು ಎಲ್ಲಿ ಅಡಗಿದ್ದವೋ ಒಂದೊಂದಾಗಿ ಹೊರಬಂದವು. ಅವಳಿಗೇ ಅದು ಕೇಳಿಸಲಿಲ್ಲ. “ಕಟ್, ಅದ್ಭುತ ಅತ್ತೆಮ್ಮ,” ಎಂದು ನಿರ್ದೇಶಕರು ಚಪ್ಪಾಳೆ ತಟ್ಟಿದರು. ಇನ್ನೊಂದು ಸಲ ಮಾಡೋಣವೆ ಎಂದು ಅವಳೇ ಕೇಳಿದಳು. ಬೇಡ, ಎಲ್ಲ ಸರಿಯಾಗಿ ಬಂದಿದೆ ಎಂದರು.

ಅಕ್ಕನಿಗೆ ಹೇಳಬೇಕೆಂದು ದಿನವೂ ಅಂದುಕೊಂಡಳು. ಬೆಳಿಗ್ಗೆ ಹೇಳೋಣವೆಂದರೆ ಅಕ್ಕ ಬಟ್ಟೆ ಒಣಗಿಸುತ್ತಿದ್ದಳು, ಸಂಜೆ ಹೇಳೋಣವೆಂದರೆ ಮೇಲಿನ ಮನೆಯಾಕೆಗೆ ಅದೇ ವಿಷಯ ಹೇಳುತ್ತಿದ್ದಳು. ಹೀಗೇ ಹತ್ತು ದಿನ ಕಳೆದು ಹಾಡು ಪ್ರಸಾರವಾಗುವ ಸಂಜೆ ಬಂದೇಬಿಟ್ಟಿತು.

ಏಳೂವರೆಗೆ ಐದು ನಿಮಿಷ ಇರುವಾಗ ಅಕ್ಕ ಅಡುಗೆಮನೆಯ ದೀಪ ಆರಿಸಿದಳು. ಕೈ ಒರೆಸಿಕೊಂಡು ಬಂದು ಟೀವಿಯ ಎದುರಿಗೆ, ತಂಗಿಯ ಪಕ್ಕದಲ್ಲಿ ಕೂತಳು. ಎಂದೂ ಕೂರದವಳು. ತಲೆ ಬಾಚಿಕೊಂಡಿದ್ದಳು. ಹಾಡಿನ ಮಧ್ಯೆ ಯಾರೂ ಫೋನ್ ಮಾಡಬಾರದೆಂದು ಕಟ್ಟಡಕ್ಕೆಲ್ಲ ಹೇಳಿ ಬಂದಿದ್ದಳು.

“ಅಕ್ಕ,” ಎಂದಳು ತಂಗಿ.

“ಶ್. ಶುರುವಾಯ್ತು.”

ತೆರೆಯ ತುಂಬ ಅತ್ತೆಮ್ಮನ ಮುಖ ಬಂತು. ಬಾಯಿ ತೆರೆಯಿತು. ಮೊದಲ ಸ್ವರ ಬಿದ್ದದ್ದೇ ಅಕ್ಕನ ಕೈ ಮಡಿಲಲ್ಲಿ ನಿಶ್ಚಲವಾಯಿತು. ಐವತ್ತು ವರ್ಷ ಆ ದನಿಯ ಹಿಂದೆ ಬಿದ್ದಿದ್ದ ಕಿವಿಗೆ ಎರಡನೆಯ ಸ್ವರ ಬೇಕಿರಲಿಲ್ಲ. ತಂಗಿ ನೆಲ ನೋಡಿದಳು. ಸತ್ತುಹೋಗಬಾರದೆ ಎನಿಸಿತು. ಹಾಡು ತನ್ನ ಪಾಡಿಗೆ ಮುಂದೆ ಹೋಯಿತು.

ಬಾಗಿಲು ತೆರೆದೇ... 

ಹುಡುಗಿ ಉಸಿರು ಎಳೆದುಕೊಂಡಳು. ತೆರೆಯ ಮೇಲಿನ ಮುಖ ಬಾಗಿಲ ಕಡೆ ತಿರುಗಿತು.

...ಇದೆ, ಬಂದುಬಿಡು ಮಗುವೇ.

ತಂಗಿಯ ತೊಡೆ ಚುರುಕ್ಕೆಂದಿತು. ಅಕ್ಕ ಟೀವಿಯಿಂದ ಕಣ್ಣು ಕೀಳದೆ, ಪಕ್ಕಕ್ಕೆ ಕೈ ಚಾಚಿ, ಬಲವಾಗಿ ಚಿವುಟಿದ್ದಳು.

“ಅಕ್ಕ, ಅದು ನಾನಲ್ಲ. ನಾನು ಹಾಡಿದ್ದು ಸರಿಹೋಗ್ಲಿಲ್ಲ. ಆ ಹುಡುಗಿ...”

“ಗೊತ್ತು. ಸುಮ್ನಿರು.”

“ಹೇಳ್ಬೇಕು ಅಂತಲೇ ಇದ್ದೆ.”

“ಸುಮ್ನಿರೆ, ಅಪ್ಪ ಏಳ್ತಾರೆ,” ಎಂದಳು ಅಕ್ಕ.

ಎರಡನೆಯ ಸಲ ಪಲ್ಲವಿ ಬಂತು. ಅದೇ ಜಾಗದಲ್ಲಿ ಹುಡುಗಿ ನಿಂತಳು. ಅಕ್ಕ ಮತ್ತೆ ಚಿವುಟಿದಳು, ಈ ಸಲ ಮೆತ್ತಗೆ. ಕೈಯನ್ನು ಅಲ್ಲೇ ಬಿಟ್ಟಳು. ತೆರೆಯ ಮೇಲೆ ಅತ್ತೆಮ್ಮನ ಕೆನ್ನೆ ಒದ್ದೆಯಾಗುತ್ತಿತ್ತು. ಮೇಲಿನ ಮನೆಯಲ್ಲೂ ಅದೇ ಹಾಡು, ಒಂದು ಕ್ಷಣ ತಡವಾಗಿ, ಛಾವಣಿಯ ಮೂಲಕ ಇಳಿದು ಬರುತ್ತಿತ್ತು.

ಮೂರನೆಯ ಸಲ, ಬಾಗಿಲು ತೆರೆದೇ ಎನ್ನುವಷ್ಟರಲ್ಲಿ, ಅಕ್ಕ ಚಿವುಟಲಿಲ್ಲ. ಅವಳ ಬಾಯಿ ತುಸು ತೆರೆದಿತ್ತು. ನಿಲ್ಲಬಾರದ ಆ ಜಾಗದಲ್ಲಿ, ಹುಡುಗಿಯ ಜೊತೆಗೇ, ಅವಳೂ ಪುಟ್ಟದೊಂದು ಉಸಿರು ಎಳೆದುಕೊಂಡಳು.