ಮುಳ್ಳು ನಿಲ್ಲುವ ತನಕ

ತಕ್ಕಡಿ ಮೇಸ್ತ್ರಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಮೂವತ್ತು ವರ್ಷದಿಂದ ಪೇಟೆಯ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿಕೊಂಡು ಬಂದ ಈ ಮಹಾರಾಯ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಅವನ ರಿಪೇರಿ ಅಂಗಡಿಯಲ್ಲಿ ಹೆಂಡತಿ ದಿನಕ್ಕೆ ಹತ್ತು ಸಲವಾದರೂ ಅವನ ಹೆಗಲು ಹಿಡಿದು ಸ್ಟೂಲಿನ ಕಡೆ ತಳ್ಳುತ್ತಿದ್ದಳು. "ಕೂತ್ಕೊಳ್ರೀ! ನೀವು ಅಲ್ಲಾಡಿದ್ರೆ ಕಾಲಡಿ ಹಲಗೆ ಅಲ್ಲಾಡುತ್ತೆ, ಹಲಗೆ ಅಲ್ಲಾಡಿದ್ರೆ ತಕ್ಕಡಿ ಮುಳ್ಳೂ ಅಲ್ಲಾಡುತ್ತೆ. ಮುಳ್ಳು ನಿಲ್ಲೋ ತನಕ ತೆಪ್ಪಗಿರಿ." ಗಿರಾಕಿಗಳ ಎದುರೇ ಹೀಗೆ ತಳ್ಳಿಸಿಕೊಂಡರೂ ಅವನಿಗೆ ಬೇಜಾರಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿ.

ಆ ಹೆಂಡತಿ ಎರಡು ದಿನದ ಹಿಂದೆ ಅಂಗಡಿಯ ಅಟ್ಟದಿಂದ ತೂಕದ ಕಲ್ಲಿನ ಪೆಟ್ಟಿಗೆ ಇಳಿಸಲು ಹೋಗಿ ಏಣಿಯಿಂದ ಬಿದ್ದಳು. ತಲೆ ನೆಲಕ್ಕೆ ಬಡಿಯಿತು. ಈಗ ಐಸಿಯುವಿನಲ್ಲಿ ಬಾಯಿಗೆ ಕೊಳವೆ, ತಲೆಗೆ ಬ್ಯಾಂಡೇಜು, ಉಸಿರು ಯಂತ್ರದ್ದು. ಮೇಸ್ತ್ರಿಯನ್ನೂ ಅವನ ಭಾಮೈದನನ್ನೂ ಡಾಕ್ಟರಮ್ಮ ತಮ್ಮ ಕೋಣೆಗೆ ಕರೆಸಿದರು.

"ಕಣ್ಣು ಬಿಡ್ತಾರಾ, ಮಾತಾಡ್ತಾರಾ, ನೋವು ಕೊಟ್ರೆ ಕೈ ಎತ್ತಿ ತಡೀತಾರಾ ಅಂತ ನೋಡಿ ಅಂಕ ಹಾಕ್ತೀವಿ. ವಯಸ್ಸು, ಸ್ಕ್ಯಾನು ಎಲ್ಲ ಸೇರಿಸಿದ್ರೆ ಕಂಪ್ಯೂಟರ್ ಒಂದು ಲೆಕ್ಕ ಕೊಡುತ್ತೆ. ಇಂಥ ನೂರು ಜನರಲ್ಲಿ ಎಂಬತ್ತೊಂದು ಜನ ಆರು ತಿಂಗಳೊಳಗೆ ತೀರಿಕೊಳ್ತಾರೆ, ಇಲ್ಲಾ ಹಾಸಿಗೆ ಹಿಡೀತಾರೆ." ಮೇಜಿನ ಮೇಲೊಂದು ಕಾಗದವಿತ್ತು. ಯಂತ್ರ ತೆಗೆಯಲು ಮನೆಯವರ ಒಪ್ಪಿಗೆ.

ಭಾಮೈದ ಬಸ್ ಓಡಿಸುವವನು, ಗಟ್ಟಿ ಆಳು. ಅವನೇ ಕುಸಿದು ಹೋದ. "ಅಕ್ಕನ್ನ ಹೀಗೆ ನರಳಿಸೋದು ಬೇಡ ಭಾವ. ಸಹಿ ಹಾಕಿಬಿಡಿ."

ಮೇಸ್ತ್ರಿ ಬಾಗಿಲಿಗೂ ಕಿಟಕಿಗೂ ನಾಲ್ಕು ಸಲ ನಡೆದ. ತಲೆ ಓಡದಿದ್ದಾಗ ಮನುಷ್ಯನ ಬಾಯಿಗೆ ಕಸುಬೇ ಬರುತ್ತದೆ ನೋಡಿ, ಅವನಿಗೂ ಅದೇ ಬಂತು.

"ಅಮ್ಮಾ, ತೂಗೋ ಮುಂಚೆ ಸೊನ್ನೆಗೆ ತಂದಿದ್ರಾ?"

"ಅಂದ್ರೆ?"

"ತಕ್ಕಡಿ ಮೇಲೆ ಮೊದಲೇ ಏನಾದ್ರೂ ಇದ್ರೆ ತೂಕ ಸುಳ್ಳು ಹೇಳುತ್ತೆ. ಅವಳ ಮೇಲೆ ಮೊದಲೇ ಏನಾದ್ರೂ ಇತ್ತಾ?"

ಡಾಕ್ಟರಮ್ಮ ಫೈಲು ತಿರುವಿದರು. ಮತ್ತೆ ತಿರುವಿದರು. ಮುಖ ಸ್ವಲ್ಪ ಕೆಂಪಾಯಿತು. ಆಂಬುಲೆನ್ಸಿನಲ್ಲೇ ನಿದ್ದೆಯ ಮದ್ದು ಕೊಟ್ಟಿದ್ದರು, ಮಿದುಳಿನ ಒತ್ತಡ ಇಳಿಸಲು ಅದು ಇನ್ನೂ ಹೋಗುತ್ತಲೇ ಇತ್ತು. ಕೈ ಎತ್ತಲಿಲ್ಲವೆಂದು ಹಾಕಿದ ಅಂಕ ಆ ಮದ್ದಿನ ನಿದ್ದೆಯಲ್ಲಿ ಹಾಕಿದ್ದು.

"ನೀವು ಕೇಳಿದ್ದು ಸರಿ. ಒತ್ತಡ ಈಗ ಇಳಿದಿದೆ, ಮದ್ದು ನಿಲ್ಲಿಸ್ತೀವಿ. ನಾಡಿದ್ದು ನಾಲ್ಕು ಗಂಟೆಗೆ ಮತ್ತೆ ನೋಡೋಣ. ಆಗಲೂ ಕೈ ಹೀಗೇ ಇದ್ರೆ..." ಅವರು ಕಾಗದವನ್ನು ಡ್ರಾಯರಿಗೆ ಹಾಕಿದರು.

ಅಬ್ಬಾ, ಆ ಎರಡು ದಿನ! ಮೇಸ್ತ್ರಿ ಕಾರಿಡಾರಿನ ಉದ್ದ ಅಳೆದ, ಮೆಟ್ಟಿಲು ಎಣಿಸಿದ, ಕೆಳಗಿನ ಮಕ್ಕಳ ವಿಭಾಗದಲ್ಲಿ ಕೂಸುಗಳನ್ನು ತೂಗುವ ತಕ್ಕಡಿ ಐವತ್ತು ಗ್ರಾಂ ಹೆಚ್ಚು ತೋರಿಸುತ್ತಿದೆಯೆಂದು ಅಲ್ಲಿದ್ದವರ ಜೊತೆ ಜಗಳವಾಡಿ ಸರಿಮಾಡಿ ಬಂದ. "ಕೂತ್ಕೊಳ್ಳಿ ಭಾವ, ನಿಮ್ಮನ್ನ ನೋಡಿ ನನಗೇ ತಲೆ ಸುತ್ತುತ್ತೆ" ಎಂದು ಭಾಮೈದ ಗೋಗರೆದ. ಯಾರು ಕೇಳಬೇಕು? ಬಿಟ್ಟಾಗಲೆಲ್ಲ ಒಳಗೆ ಹೋಗಿ ಹೆಂಡತಿಯ ಬಲಗೈ ಹಿಡಿದು, "ಹಿಡ್ಕೊಳ್ಳೇ, ಒಂದೇ ಒಂದು ಸಲ" ಎನ್ನುತ್ತಿದ್ದ. ಕೈ ಬೆಚ್ಚಗಿತ್ತು, ಅಷ್ಟೇ.

ನಾಡಿದ್ದು ಬಂದೇ ಬಂತು. ಮೂರೂವರೆಗೆ ಸಿಸ್ಟರ್ ಹಾಸಿಗೆಯ ಬಳಿ ಬಂದು, "ಏನಾದ್ರೂ ಕಾಣಿಸ್ತಾ ಅಣ್ಣಾ?" ಎಂದು ಕೇಳಿದರು.

"ಹೂಂ. ಕೈ ಹಿಡಿದ್ಲು."

ನಾಲಿಗೆ ತಾನಾಗಿಯೇ ಆಡಿತ್ತು. ತಟ್ಟೆಗೆ ಬೆರಳೊತ್ತಿ ತೂಗುವ ಅಂಗಡಿಯವನ ತಕ್ಕಡಿಯನ್ನು ಜನ್ಮದಲ್ಲಿ ಮತ್ತೆ ಮುಟ್ಟುತ್ತಿರಲಿಲ್ಲ ಈ ಮೇಸ್ತ್ರಿ. ಈಗ ತಾನೇ ಬೆರಳೊತ್ತಿದ್ದ.

ಸಿಸ್ಟರ್ ಮುಖವರಳಿಸಿಕೊಂಡು ಡಾಕ್ಟರಮ್ಮನ ಬಳಿ ಓಡಿದರು. ಬಾಗಿಲಲ್ಲಿದ್ದ ಭಾಮೈದ ಬಂದು ಭಾವನನ್ನು ಬಾಚಿ ತಬ್ಬಿಕೊಂಡ. ಆಮೇಲೆ ಹೊರಗೆ ಹೋಗಿ ಫೋನು ಹಚ್ಚಿದ. "ಅಮ್ಮಾ! ಅಕ್ಕ ಕೈ ಹಿಡಿದ್ಲಂತೆ! ಹೌದಮ್ಮಾ, ಭಾವನೇ ಹೇಳಿದ್ರು, ಅವರು ಸುಳ್ಳು ಹೇಳ್ತಾರಾ?" ಫೋನಿನಿಂದ ಮುದುಕಿಯ ಅಳು ಗೋಡೆಯಾಚೆಗೂ ಕೇಳಿಸಿತು. ಮೇಸ್ತ್ರಿ ಡಾಕ್ಟರಮ್ಮ ಬರುವ ಬಾಗಿಲನ್ನೇ ನೋಡುತ್ತ ನಿಂತ.

ನಾಲ್ಕಕ್ಕೆ ಡಾಕ್ಟರಮ್ಮ ಬಂದರು. ಅವರು ಬಾಯಿ ತೆರೆಯುವ ಮೊದಲೇ ಅವನು ಹೇಳಿಬಿಟ್ಟ. "ಅಮ್ಮಾ, ನಾನು ಸುಳ್ಳು ಹೇಳಿದೆ. ಅವಳು ಕೈ ಹಿಡೀಲಿಲ್ಲ. ತಟ್ಟೆಗೆ ಬೆರಳು ಒತ್ತಿದ್ದು ನಾನೇ."

ಭಾಮೈದನ ಮುಖ ಬಿಳಿಚಿತು. "ಏನ್ ಮಾಡಿದ್ರಿ ಭಾವಾ! ಅಮ್ಮನಿಗೆ ಈಗ ಏನಂತ ಹೇಳ್ಲಿ?"

"ಬಯ್ಯೋ, ಎಷ್ಟು ಬೇಕಾದ್ರೂ ಬಯ್ಯಿ. ನನಗೆ ಅವಳು ಬೇಕಾಗಿತ್ತು" ಎಂದು ಮೇಸ್ತ್ರಿ ಎಲ್ಲರೆದುರು ಅತ್ತುಬಿಟ್ಟ.

ಡಾಕ್ಟರಮ್ಮ ಬಯ್ಯಲಿಲ್ಲ. "ನೀವು ಹೇಳಿದ್ದಕ್ಕೆ ಅಂಕ ಇಲ್ಲ ಯಜಮಾನ್ರೇ. ನಾನು ಕಣ್ಣಾರೆ ಕಂಡಿದ್ದಕ್ಕೆ ಮಾತ್ರ" ಎಂದು ಹಾಸಿಗೆಯ ಬಳಿ ನಿಂತು, ರೋಗಿಯ ಹುಬ್ಬಿನ ಮೂಳೆಗೆ ಹೆಬ್ಬೆರಳೊತ್ತಿದರು.

ಏನೂ ಇಲ್ಲ. ಇನ್ನೂ ಬಲವಾಗಿ ಒತ್ತಿದರು. ಹೊದಿಕೆಯ ಮೇಲೆ ಬಲಗೈ ಒಂದಿಷ್ಟು ಸರಿಯಿತು. ಎದ್ದಿತು. ಎದೆ ದಾಟಿತು, ಗಲ್ಲ ದಾಟಿತು, ತಡವರಿಸಿಕೊಂಡು ಡಾಕ್ಟರಮ್ಮನ ಕೈವರೆಗೂ ಬಂದು ಅದನ್ನು ತಳ್ಳಿತು. ಅವರು ಮೂರು ಸಲ ಒತ್ತಿದರು. ಮೂರು ಸಲವೂ ತಳ್ಳಿತು.

ಡಾಕ್ಟರಮ್ಮ ಹೊಸ ಅಂಕ ಹಾಕಿ ಲೆಕ್ಕ ತೆಗೆದರು. "ಎಂಬತ್ತೊಂದು ಇದ್ದದ್ದು ಈಗ ಐವತ್ತಾರು."

"ಹಾಗಾದ್ರೆ ಅಕ್ಕ ಬದುಕ್ತಾಳಾ?" ಎಂದ ಭಾಮೈದ.

"ಗೊತ್ತಿಲ್ಲ. ಎದ್ರೂ ಮೊದಲಿನ ಹಾಗೇ ಇರ್ತಾರೆ ಅಂತ ನಾನು ಹೇಳಲ್ಲ. ಆದ್ರೆ ಆ ಕಾಗದ ಇವತ್ತು ಬೇಡ. ಎರಡು ವಾರ ಕಾಯೋಣ."

ಎರಡು ವಾರ! ಈ ಮನುಷ್ಯ ಇನ್ನು ಆಸ್ಪತ್ರೆಯ ನೆಲ ಸವೆಸುವುದೇ ಸೈ ಎಂದು ಭಾಮೈದ ತಿರುಗಿ ನೋಡಿದ. ಮೇಸ್ತ್ರಿ ಗೋಡೆ ಬದಿಯ ಸ್ಟೂಲನ್ನು ಹಾಸಿಗೆಯ ಹತ್ತಿರ ಎಳೆದುಕೊಂಡು, ಎರಡೂ ಪಾದ ನೆಲಕ್ಕೂರಿ, ನಾಲ್ಕು ದಿನದಲ್ಲಿ ಮೊದಲ ಸಲ ಕೂತಿದ್ದ.

"ನಾನು ಅಷ್ಟು ಬಡ್ಕೊಂಡ್ರೂ ಕೂರ್ಲಿಲ್ಲವಲ್ಲ ಭಾವ?"

"ನಿಮ್ಮಕ್ಕ ತಳ್ಳಿದ್ಲಲ್ಲೋ" ಎಂದ ಮೇಸ್ತ್ರಿ.