ಅತ್ತೆಯ ಹೆಸರಿಗೆ ಸೊಸೆಯ ಲೇಖನ

ಕೌನಾಸ್ ವಿಶ್ವವಿದ್ಯಾಲಯದ ನಮ್ಮ ಸಸ್ಯಶಾಸ್ತ್ರ ವಿಭಾಗದಲ್ಲಿ ಮಿಂಗೈಲೆ ಜೌಗು ನೆಲದ ಪಾಚಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಹುಡುಗಿ ಚುರುಕು. ಅಚ್ಚುಕಟ್ಟು ಮಾತ್ರ ಅವಳ ಜಾಯಮಾನದಲ್ಲಿರಲಿಲ್ಲ. ಅವಳ ಗ್ರಂಥಸೂಚಿಯ ಫೈಲಿನಲ್ಲಿ ಒಂದೇ ಲೇಖನ ಮೂರು ಕಡೆ ಇತ್ತು. ಒಂದರಲ್ಲಿ ವರ್ಷವಿಲ್ಲ, ಇನ್ನೊಂದರಲ್ಲಿ ಪುಟವಿಲ್ಲ, ಲೇಖಕರ ಹೆಸರು ಒಮ್ಮೆ ಪೂರ್ತಿ, ಒಮ್ಮೆ ಬರೀ ಮೊದಲಕ್ಷರ.

“ಇದನ್ನೆಲ್ಲ ಕೈಯಲ್ಲಿ ತಿದ್ದುತ್ತಾ ಕೂತ್ರೆ ಪದವಿ ಬರೋ ಹೊತ್ತಿಗೆ ಪಿಂಚಣಿನೂ ಬರುತ್ತೆ,” ಎಂದು ಪಕ್ಕದ ಮೇಜಿನಲ್ಲಿದ್ದ ನನಗೆ ಹೇಳಿ, ಅದಕ್ಕೇ ಒಂದು ಪ್ರೋಗ್ರಾಂ ಬರೆದಳು. ಅದು ನಕಲುಗಳನ್ನು ಕಿತ್ತುಹಾಕಿತು, ಬಿಟ್ಟುಹೋದ ಪುಟಸಂಖ್ಯೆಗಳನ್ನು ಹುಡುಕಿ ತುಂಬಿತು. ಕುಲನಾಮವೂ ಮೊದಲಕ್ಷರವೂ ಹೊಂದಿಕೆಯಾದರೆ ಒಬ್ಬರೇ ಎಂದು ತಿಳಿದು, ಮೊದಲು ಸಿಕ್ಕ ಪೂರ್ತಿ ಹೆಸರನ್ನೇ ಎಲ್ಲಕ್ಕೂ ಅಂಟಿಸಿತು. ಪಟ್ಟಿ ಅರ್ಧಕ್ಕಿಳಿದ ಖುಷಿಯಲ್ಲಿ ಅವಳು ಮತ್ತೆ ಓದಿಯೂ ನೋಡದೆ ಮಾರ್ಗದರ್ಶಕಿಗೆ ಕಳಿಸಿಬಿಟ್ಟಳು.

ಮಾರ್ಗದರ್ಶಕಿ ಗಿಂತಾರೆ ಶಿಲೇಕಿಯೆನೆ. ಅವರ ಅತ್ತೆ ಗೆನೊವೈತೆ ಶಿಲೇಕಿಯೆನೆ ಕೂಡ ನಮ್ಮಲ್ಲೇ ಪಾಚಿಗಳ ಅಧ್ಯಯನ ಮಾಡಿ ನಿವೃತ್ತರಾದವರು. ಈಗಲೂ ಸೂಕ್ಷ್ಮದರ್ಶಕದ ನೆಪದಲ್ಲಿ ಬಂದುಹೋಗುತ್ತಿದ್ದರು. ಒಂದು ಜೌಗಿನಲ್ಲಿ ಅಪರೂಪದ ಪಾಚಿ ಕಂಡೆನೆಂದು ಅತ್ತೆ ಹಿಂದೊಮ್ಮೆ ಬರೆದಿದ್ದರು. ಗುರುತು ಹಿಡಿದದ್ದೇ ತಪ್ಪು ಎಂದು ಸೊಸೆ ಬರೆದರು. ಅಂದಿನಿಂದ ಆ ಮನೆಯಲ್ಲಿ ಪಾಚಿಯ ಮಾತೇ ನಿಂತಿತ್ತು.

ಗಿಂತಾರೆ ಆ ಪಟ್ಟಿ ಹಿಡಿದು ನಮ್ಮ ಕೋಣೆಗೆ ಬಂದಾಗ ಅತ್ತೆಯೂ ಅಲ್ಲೇ ಇದ್ದರು.

“ಮಿಂಗೈಲೆ, ನಾನು ಬರೆದಿದ್ದೆಲ್ಲ ಎಲ್ಲಿಗೆ ಹೋಯ್ತಮ್ಮ? ಇದ್ರಲ್ಲಿ ಬರೀ ನಮ್ಮತ್ತೆ ಹೆಸರೇ ಇದೆಯಲ್ಲ.”

ಮಿಂಗೈಲೆ ಇಣುಕಿ ನೋಡಿ ಬಿಳಿಚಿಕೊಂಡಳು. “ಮೇಡಂ, ನೀವಿಬ್ಬರೂ G. ಶಿಲೇಕಿಯೆನೆ ಅಲ್ವಾ, ಪ್ರೋಗ್ರಾಂ ಒಬ್ಬರೇ ಅಂದ್ಕೊಂಡಿದೆ.”

“ಮದುವೆ ಹೊಸದ್ರಲ್ಲಿ ನಮ್ಮ ಯಜಮಾನ್ರೂ ಹಾಗೇ ಅಂದ್ಕೊಂಡಿದ್ರು,” ಎಂದರು ಗಿಂತಾರೆ.

ಅತ್ತೆ ಹಾಳೆಗಳನ್ನು ಇಸಿದುಕೊಂಡು ಕನ್ನಡಕ ಏರಿಸಿದರು. “ಅಂದ್ರೆ ಪಾಚಿ ಕಂಡವಳೂ ನಾನೇ, ಅದು ತಪ್ಪು ಅಂದವಳೂ ನಾನೇ. ಇಷ್ಟೊಂದು ವಿನಯ ನನಗೆ ಯಾವಾಗ ಬಂತೋ!”

ಸೊಸೆ ಮೊದಲು ನಕ್ಕರು. ಆಮೇಲೆ ಅತ್ತೆಗೂ ತಡೆಯಲಾಗಲಿಲ್ಲ.

“ಒಂದು ಕೇಳ್ತೀನಿ, ಗಿಂತಾರೆ. ನೀನು ಆ ಜೌಗಿಗೆ ಹೋಗಿ ನೋಡಿದ್ಯಾ, ಇಲ್ಲಾ ನಾನು ಒಣಗಿಸಿಟ್ಟ ಮಾದರಿ ನೋಡಿ ಬರೆದ್ಯಾ?”

“ಮಾದರಿ ನೋಡಿ, ಅತ್ತೆ. ಕರ್ಕೊಂಡು ಹೋಗಿ ಅಂತ ನಿಮ್ಮನ್ನ ಕೇಳೋಕೆ ಧೈರ್ಯ ಬರಲಿಲ್ಲ.”

“ನಾನೇನು ಹುಲಿಯಾ? ಶನಿವಾರ ಹೊರಡು. ನನ್ನ ಬೂಟು ಹಾಕ್ಕೋ, ನಿನ್ನವು ಪೇಟೆಗಷ್ಟೇ ಸರಿ.”

ಶನಿವಾರ ಮಿಂಗೈಲೆಯೇ ಕಾರು ಓಡಿಸಿದಳು. ನಾನೂ ಹೋದೆ. ಅತ್ತೆ ಜೌಗಿನ ಮೇಲೆ ಹಾಸಿದ್ದ ಹಲಗೆ ದಾರಿಯಿಂದ ಕೆಳಗಿಳಿದು ಒದ್ದೆ ನೆಲದಲ್ಲಿ ಮಂಡಿಯೂರಿ, ಒಂದು ಚಿಟಿಕೆ ಪಾಚಿ ಕಿತ್ತು, ಭೂತಗನ್ನಡಿಯ ಸಮೇತ ಸೊಸೆಯ ಕೈಗಿಟ್ಟರು. ಗಿಂತಾರೆ ಬಹಳ ಹೊತ್ತು ನೋಡಿದರು.

“ಅತ್ತೆ, ಇದು ನೀವು ಹೇಳಿದ್ದೇ. ನಾನು ನೋಡಿದ ಮಾದರಿ ಇದಲ್ಲ.”

ಅತ್ತೆ ಸುತ್ತಲೂ ಕೈಯಾಡಿಸಿ, ಪಕ್ಕದಲ್ಲೇ ಬೆಳೆದಿದ್ದ ಅದರಂಥದೇ ಇನ್ನೊಂದನ್ನು ಕಿತ್ತರು. “ಕಂಡದ್ದು ಅದನ್ನ, ಒಣಗಿಸಿಟ್ಟಿದ್ದು ಇದನ್ನ. ನೀನು ಬರೆದದ್ದೂ ಸರಿನೇ, ಮಗಳೇ. ಇಷ್ಟು ವರ್ಷ ಸುಮ್ಮನೆ ಮುಖ ಊದಿಸ್ಕೊಂಡು ಕೂತಿದ್ದೆ.”

ಗಿಂತಾರೆಯ ಕಣ್ಣು ತುಂಬಿತು. ಅತ್ತೆ ಅದನ್ನು ಕಾಣದವರಂತೆ ಬುಟ್ಟಿ ಬಿಚ್ಚಿ, ತಣ್ಣನೆಯ ಬೀಟ್‌ರೂಟ್ ಸಾರು ಬಟ್ಟಲಿಗೆ ಸುರಿದು, ಕಪ್ಪು ರೊಟ್ಟಿ ಮುರಿದು ಎಲ್ಲರಿಗೂ ಕೊಟ್ಟರು.

ಸೋಮವಾರ ಮಿಂಗೈಲೆ ಪ್ರೋಗ್ರಾಂ ತಿದ್ದಿದಳು. ಅನುಮಾನ ಬಂದರೆ ಅದು ಈಗ ತಾನಾಗಿ ತೀರ್ಮಾನಿಸದೆ ಅವಳನ್ನೇ ಕೇಳಬೇಕು. ಸಂಜೆವರೆಗೂ ಅದು ಕೇಳುತ್ತಲೇ ಇತ್ತು. “ಪ್ರಬಂಧದ ಪರೀಕ್ಷಕರೂ ಇಷ್ಟು ಕೇಳಲ್ಲ,” ಎಂದು ಗೊಣಗುತ್ತ ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು.