ನೋಮಿಯ ಸೈಕಲ್ಲಿನ ಮೇಲಿನ ಗುರುತು

ಇಂಡಿ ಪಟ್ಟಣದ ಲಿಂಬೆ ವ್ಯಾಪಾರಿ ಶಮಶುದ್ದೀನನ ಮಗಳು ಕೌಸರ ಯುರೋಪಿನ ಸೈಕಲ್ ರೇಸಿಗೆ ಹೋದದ್ದು ವಿಶ್ವ ಕಿರಿಯರ ಸೈಕಲ್ ಮಂಡಳಿಯ ನೆರವಿನಿಂದ. ಸಣ್ಣ ಊರುಗಳ ಹುಡುಗಿಯರನ್ನು ಮಂಡಳಿ ತನ್ನ ಖರ್ಚಿನಲ್ಲೇ ಕರೆಸಿಕೊಳ್ಳುತ್ತಿತ್ತು. ತನ್ನೂರಿನ ಹತ್ತಿರದ ಹೊರ್ತಿಯ ದಾರಿಯಲ್ಲಿ ಲಾರಿಗಳ ಹೊಗೆ ಕುಡಿಯುತ್ತ ತುಳಿದು ಕಲಿತವಳಿಗೆ ಅಲ್ಲಿಯ ನುಣುಪು ರಸ್ತೆ, ಚಳಿ, ಎರಡೂ ಹೊಸವು. ಪಕ್ಕದ ಕೋಣೆಯಲ್ಲಿದ್ದ ನೋಮಿ ಬೆಲ್ಜಿಯಮ್ಮಿನ ಯಹೂದಿ ಹುಡುಗಿ. ಕೌಸರಳ ಕೈಗವಸು ತೆಳ್ಳಗಿರುವುದನ್ನು ಕಂಡು ತನ್ನದೊಂದು ಜೊತೆ ಕೊಟ್ಟಳು. ಇಬ್ಬರ ಇಂಗ್ಲಿಷೂ ಹರಕುಮುರುಕು, ಅದಕ್ಕೇ ಇರಬೇಕು, ಸ್ನೇಹ ಬೇಗ ಬೆಳೆಯಿತು.

ರೇಸಿನ ದಿನ ಮುಂಜಾನೆ ಕೌಸರ ಸೈಕಲ್ ಇಡುವ ಕೋಣೆಗೆ ಹೋದಾಗ ಬೇರೆ ತಂಡದ ಇಬ್ಬರು ಹುಡುಗಿಯರು ನೋಮಿಯ ಸೈಕಲ್ಲಿನ ಬಳಿ ಬಗ್ಗಿ ಕುಳಿತು ಮೊಳೆಯಿಂದ ಏನೋ ಗೀರುತ್ತಿದ್ದರು. ಇವಳನ್ನು ಕಂಡು ನಗುತ್ತ ಎದ್ದು ಹೋದರು. ಹತ್ತಿರ ಹೋಗಿ ನೋಡಿದರೆ ಸ್ವಸ್ತಿಕದಂಥ ಗುರುತು. ಇಂಡಿ ಪೇಟೆಯ ಅಂಗಡಿಗಳಲ್ಲಿ ದಿನಾ ಕಾಣುವಂಥದ್ದೇ, ಆದರೆ ಓರೆಯಾಗಿತ್ತು. ಕೆಳಗೆ ‘ಗ್ಯಾಸ್’ ಎಂದು ಬರೆದಿತ್ತು. ಹಿಟ್ಲರ್ ಯಹೂದಿಗಳನ್ನು ವಿಷದ ಗ್ಯಾಸಿನಿಂದ ಕೊಲ್ಲಿಸಿದನೆಂದು ಸಾಲೆಯಲ್ಲಿ ಓದಿದ ಪಾಠ ನೆನಪಾಗಿ ನೋಮಿಯನ್ನು ಕರೆಯಲು ಓಡಿದಳು.

ನೋಮಿ ಬಂದು ನೋಡಿದಳು. ಅಳಲಿಲ್ಲ. ಗುರುತು ಮುಚ್ಚಲು ಟೇಪು ತಂದಳು. ಕೌಸರ ಅದನ್ನು ಸುತ್ತಿಕೊಟ್ಟಳು.

“ನನ್ನ ಅಜ್ಜಿಯ ತಾಯಿಯನ್ನು ಹಾಗೆಯೇ ಕೊಂದರು,” ಎಂದಳು ನೋಮಿ.

ನೋಮಿ ಮಂಡಳಿಗೆ ಕೊಟ್ಟ ದೂರಿಗೆ ಕೌಸರ ಒಬ್ಬಳೇ ಸಾಕ್ಷಿ. ಅವಳು ಊರಿಗೆ ಮರಳಿದ ಮೇಲೆ ವಿಡಿಯೊದಲ್ಲಿ ವಿಚಾರಣೆ ಇದೆಯೆಂದು ಮಂಡಳಿಯಿಂದ ತಿಳಿಸಿದರು. ಕೋಚ್ ಸಿದ್ದಾರೂಢನಿಗೆ ದಿಗಿಲಾಯಿತು.

“ರೇಸಿನ ಹೆಸರು ಕೆಟ್ಟರ ಮಂಡಳಿಯವರಿಗೆ ಸಿಟ್ಟು ಬರತೈತಿ, ಮುಂದಿನ ವರ್ಷದ ನೆರವೂ ಅವರ ಕೈಯಾಗ ಐತಿ. ಸರಿಯಾಗಿ ಕಾಣಲಿಲ್ಲ ಅಂದಬಿಡು.”

“ನಾ ಸರಿಯಾಗೇ ಕಂಡೇನ್ರಿ, ಸರ್.”

ಶಮಶುದ್ದೀನನಿಗೆ ಬೇರೆಯದೇ ಸಂಕಟ. ಗಾಜಾದ ಸುದ್ದಿ ಬಂದರೆ ಅವನ ಕೈಯಲ್ಲಿಯ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.

“ಅಲ್ಲಿ ಕೂಸುಗಳು ಸಾಯಾಕತ್ತಾವ. ಜಗತ್ತಿನ ದೊಡ್ಡ ದೊಡ್ಡ ಸಭಾದಾಗ ಠರಾವು ಮಾಡಿ ಎದ್ದು ಹೋಗ್ತಾರ. ನಮ್ಮವರ ಪರ ಯಾರು ಸಾಕ್ಷಿ ಹೇಳ್ಯಾರ?”

“ಅದನ್ನ ನೋಮಿ ಮಾಡ್ಯಾಳೇನು, ಅಬ್ಬಾ?”

ಅವನು ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. “ಇಲ್ಲ,” ಎಂದ. “ಕಂಡದ್ದು ಹೇಳು.”

ವಿಚಾರಣೆ ಮಾಡಿದವರು ಬಹಳ ಮರ್ಯಾದೆಯ ಜನ. ನೀರು ಕುಡಿಯಲು ನಡುವೆ ಬಿಡುವನ್ನೂ ಕೊಟ್ಟರು. ಇವರಿಂದ ನ್ಯಾಯ ಸಿಗುತ್ತದೆ ಎನ್ನಿಸಿ ಕೌಸರ ಎಲ್ಲವನ್ನೂ ಹೇಳಿದಳು. ಆಗ ಅವರಲ್ಲಿ ಒಬ್ಬಾಕೆ ಮೆತ್ತಗೆ ಕೇಳಿದಳು: “ನಿಮ್ಮ ದೇಶದಲ್ಲಿ ಅದು ಶುಭದ ಗುರುತಲ್ಲವೇ? ಆ ಹುಡುಗಿಯರೂ ಹಾಗೆಂದೇ ಬರೆದಿರಬಹುದಲ್ಲವೇ?”

“ಶುಭ ಕೋರುವವರು ಕೆಳಗೆ ಗ್ಯಾಸ್ ಅಂತ ಬರೆಯುವುದಿಲ್ಲ, ಮೇಡಂ.”

ಆಕೆ ತಲೆಯಾಡಿಸಿ ಬರೆದುಕೊಂಡಳು.

ಮಳೆಗಾಲ ಕಳೆದ ಮೇಲೆ ತೀರ್ಮಾನ ಬಂತು. ಮಂಡಳಿ ಎಲ್ಲ ಬಗೆಯ ದ್ವೇಷವನ್ನು ಖಂಡಿಸುತ್ತದೆ, ಆದರೆ ಕೆಟ್ಟ ಉದ್ದೇಶ ಸಾಬೀತಾಗದ ಕಾರಣ ದೂರನ್ನು ಮುಗಿಸಲಾಗಿದೆ. ಜೊತೆಗೇ ಒಂದು ಕೋರಿಕೆ: ಮುಸ್ಲಿಂ ಹುಡುಗಿ ಯಹೂದಿ ಹುಡುಗಿಯ ಪರ ನಿಂತದ್ದು ಹೆಮ್ಮೆಯ ವಿಷಯ, ಇಬ್ಬರೂ ಕೂಡಿರುವ ಫೋಟೊವನ್ನು ಸೌಹಾರ್ದದ ಪೋಸ್ಟರಿಗೆ ಬಳಸಬಹುದೇ?

ಕೌಸರ ಬೇಡವೆಂದು ಬರೆದು ನೋಮಿಗೆ ಫೋನು ಮಾಡಿದಳು.

“ನಾನೂ ಬೇಡ ಅಂದೆ,” ಎಂದಳು ನೋಮಿ. “ರೇಸನ್ನೇ ಬಿಟ್ಟಿದ್ದೇನೆ. ಆ ಹುಡುಗಿಯರ ಪಕ್ಕ ಹೋಗಿ ನಿಲ್ಲಲು ನನ್ನಿಂದಾಗದು.”

ಮತ್ತೆ ಬಾ ಎನ್ನಬೇಕೆಂದು ಕೌಸರಳ ನಾಲಿಗೆಯವರೆಗೆ ಬಂತು. ಯಾವ ಭರವಸೆಯ ಮೇಲೆ ಕರೆಯುವುದು?

ಆದರೂ ಪೋಸ್ಟರು ಬಂತು. ಫೋಟೊ ಮಂಡಳಿಯ ಛಾಯಾಗ್ರಾಹಕ ತೆಗೆದದ್ದಂತೆ, ಅದರ ಹಕ್ಕು ಅವರದೇ ಅಂತೆ. ತೆಗೆದುಹಾಕಿ ಎಂದು ಕೌಸರ ಬರೆದಳು. ‘ಅಭಿಪ್ರಾಯ ತಿಳಿಸಿದ್ದಕ್ಕೆ ಧನ್ಯವಾದಗಳು’ ಎಂಬ ಉತ್ತರ ಬಂತು. ಲಿಂಬೆ ಮಾರ್ಕೆಟ್ಟಿನಲ್ಲಿ, ಫೋನಿನಲ್ಲಿ ಪೋಸ್ಟರು ಕಂಡ ಜನ ಶಮಶುದ್ದೀನನ ಕೈ ಕುಲುಕಿದರು. ಅವನು ಕೈ ಬಿಡಿಸಿಕೊಂಡು ಲಿಂಬೆ ಎಣಿಸತೊಡಗಿದ.

ಅದೇ ವಾರ ಮುಂದಿನ ವರ್ಷದ ನೆರವೂ ಮಂಜೂರಾಯಿತು. ಸುದ್ದಿ ತಂದ ಸಿದ್ದಾರೂಢ ಕೌಸರಳ ಮುಖ ನೋಡಿ ದನಿ ತಗ್ಗಿಸಿದ.

“ನಿನ್ನ ಸಿಟ್ಟು ಖರೇನ ಐತಿ. ಆದ್ರ ಅವರನ್ನ ಬಿಟ್ಟು ನಿನ್ನ ಇಲ್ಲಿಂದ ಯಾರು ಕರಕೊಂಡು ಹೋಗ್ತಾರ?”

ಅವನು ಹೋದ ಮೇಲೆ ಶಮಶುದ್ದೀನ ಕೇಳಿದ, “ಹೋಗ್ತಿಯೇನು?”

“ಹೋಗ್ತೇನಿ, ಅಬ್ಬಾ. ಬ್ಯಾರೆ ದಾರಿ ಎಲ್ಲೈತಿ?”

ಅವನು ಹೂಂ ಎಂದ. ನೋಮಿಗೆ ಇದನ್ನು ಹೇಗೆ ತಿಳಿಸುವುದೆಂದು ಮಾತ್ರ ಇಬ್ಬರಿಗೂ ತೋಚಲಿಲ್ಲ.